ಮಕ್ಕಳನ್ನು ಕೆದಕಬೇಡಿ, ಅಕ್ಕೋರೇ

ಪತ್ರ: ನಮ್ಮೂರಲ್ಲಿ ಎರಡು ಗುಂಪು ಬಡಿದಾಡಿ ಮನೆಗಳಿಗೆ ಬೆಂಕಿ ಬಿತ್ತು. ಶಾಲೆ ಈಗಷ್ಟೇ ತೆರೆದಿದೆ. ಒಂದು ಸಂಸ್ಥೆಯವರು ಬಂದು, ಅಂದು ಕಂಡದ್ದನ್ನೆಲ್ಲ ಮಕ್ಕಳ ಬಾಯಲ್ಲಿ ಹೇಳಿಸಿ ಮನಸ್ಸು ಹಗುರ ಮಾಡಿಸುತ್ತೇವೆ ಅನ್ನುತ್ತಾರೆ. ಒಪ್ಪಲೇ?
– ಶಿಕ್ಷಕಿ, ಸಿಂಧನೂರು ತಾಲ್ಲೂಕು

ಉತ್ತರ: ಒಪ್ಪಬೇಡಿ. ಒಳಗೇ ಇಟ್ಟುಕೊಂಡ ದುಃಖ ಕೊಳೆಯುತ್ತದೆ ಅನ್ನುವುದು ಪೂರಾ ಸುಳ್ಳಲ್ಲ. ತಾನಾಗಿ ಹೇಳಬಂದ ಮಗುವಿನ ಬಾಯಿ ಮುಚ್ಚಿಸಬಾರದು. ಆದರೆ ಗುರುತಿಲ್ಲದವರ ಮುಂದೆ ಸಾಲಾಗಿ ಕೂರಿಸಿ ಒಂದೇ ದಿನದಲ್ಲಿ ಎಲ್ಲ ಕಕ್ಕಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡವೆಂದಿದೆ. 2011ರ ಅದರ ಕೈಪಿಡಿಯಲ್ಲಿರುವುದು ಇಷ್ಟು: ನೋಡಿ, ಕೇಳಿಸಿಕೊಳ್ಳಿ, ನೆರವಿರುವಲ್ಲಿಗೆ ಮುಟ್ಟಿಸಿ.

2009ರ ನೆರೆಯಲ್ಲಿ ರಾಯಚೂರು ಕಡೆಯ ಗಂಜಿ ಕೇಂದ್ರವೊಂದಕ್ಕೆ ಹೋಗಿದ್ದೆ. ಸಣ್ಣ ಮಕ್ಕಳು ಬೆಂಚಿನ ಮೇಲೆ ಗೊಂಬೆ, ಚಪ್ಪಲಿ ಏರಿಸಿ ‘ನೀರು ಬಂತು, ನೀರು ಬಂತು’ ಅಂತ ಆಡುತ್ತಿದ್ದವು. ಅಪಶಕುನವೆಂದು ಹಿರಿಯರು ಗದರಿದರೆ, ಹೆಡ್‌ಮಾಸ್ತರರು ‘ಆಡ್ಲಿ ಬಿಡ್ರಿ’ ಅಂದರು. ಗಂಟೆ ಬಾರಿಸಿ ಬೆಳಗಿನ ಪ್ರಾರ್ಥನೆ ಶುರು ಮಾಡಿಸಿದರು, ಹೈಸ್ಕೂಲು ಹುಡುಗರಿಗೆ ತಟ್ಟೆ ಹಂಚುವ ಕೆಲಸ ಕೊಟ್ಟರು. ಮನಃಶಾಸ್ತ್ರ ಓದಿದವರಲ್ಲ.

ನೀವೂ ಅಂಥವರೇ ಅಂತ ಪತ್ರವೇ ಹೇಳುತ್ತದೆ, ಸಂಸ್ಥೆಯ ಬೋರ್ಡು ಕಂಡು ಯಾಕೆ ಅಳುಕುತ್ತೀರಿ? ಎಂಟು ವರ್ಷದ್ದು ಹಾಸಿಗೆ ಒದ್ದೆ ಮಾಡಿದರೆ, ಅವ್ವನ ಸೆರಗು ಬಿಡದಿದ್ದರೆ ಬೈಯಬೇಡಿರೆಂದು ಮನೆಯವರಿಗೆ ಹೇಳಿ. ಹತ್ತನೇ ತರಗತಿಯವನ ಸಿಡುಕನ್ನು ಸೊಕ್ಕು ಅನ್ನಬೇಡಿ. ‘ಅಪ್ಪನ್ನ ಬಿಟ್ಟು ಓಡಿಬಂದೆ’ ಎಂಬ ಕೊರಗು ಆ ವಯಸ್ಸಿನದು. ಕೇಳಿದ್ದಕ್ಕೆ ನಿಜವನ್ನೇ ಹೇಳಿ, ಕೇಳಿದಷ್ಟೇ ಹೇಳಿ. ಎರಡೂ ಓಣಿಯ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸುವುದು ನಿಮ್ಮಿಂದಲ್ಲದೆ ಇನ್ಯಾರಿಂದ ಆದೀತು? ತಿಂಗಳು ದಾಟಿದರೂ ನಿದ್ದೆ, ಊಟ ಹಳಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸಾಯುವ ಮಾತು ಬಂದರಂತೂ ತಿಂಗಳು ಕಾಯಬೇಡಿ, ಅಂದೇ ಮಾಡಿ.

ಇನ್ನು ನನ್ನ ಸಂಕಟ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅಂಥ ಸೀಮೆಯಲ್ಲಿ ಗಲಾಟೆಯ ಮರುದಿನ ಬರುವವರಾರು? ಮೊದಲು ಪೊಲೀಸ್ ವ್ಯಾನು, ಹಿಂದೆಯೇ ಕ್ಯಾಮೆರಾ. ಸಂತ್ರಸ್ತ ಮಕ್ಕಳ, ಸಾಕ್ಷಿ ಮಕ್ಕಳ ಗುರುತು ಮಾಧ್ಯಮದಲ್ಲಿ ಬರಕೂಡದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಸಾರುತ್ತಿದ್ದರೂ, ನಮ್ಮ ಕಸುಬಿನವರೇ ಮೈಕು ಚಾಚಿ ‘ಅಪ್ಪನಿಗೆ ಯಾರು ಹೊಡೆದರು ಪುಟ್ಟಾ?’ ಅನ್ನುತ್ತಾರೆ.

ಆ ಸಂಸ್ಥೆಯವರು ವಾರಕ್ಕೊಮ್ಮೆಯಂತೆ ವರ್ಷವಿಡೀ ಬರುವುದಾದರೆ, ಕ್ಯಾಮೆರಾ ಗೇಟಿನಾಚೆ ಬಿಟ್ಟು ಬರಲಿ. ಒಂದೇ ದಿನಕ್ಕಾದರೆ ಚಹಾ ಕೊಟ್ಟು ಕಳಿಸಿಬಿಡಿ, ಅಕ್ಕೋರೇ.