ಮನೆಯ ಡೆಸ್ಕ್‌ಟಾಪಿಗೆ ವೇಗದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಯಾವುದು ತಗೊಳ್ಳಲಿ?

ಆರು ವರ್ಷದ ಡೆಸ್ಕ್‌ಟಾಪು, ಫೋಟೊ-ವಿಡಿಯೊ ತುಂಬಿ ಜಾಗವಿಲ್ಲ, ಎರಡು ಟಿಬಿಯ ಎಕ್ಸ್‌ಟರ್ನಲ್ ಬೇಕು ಅಂದಿದ್ದೀರಿ. ಜೊತೆಗೆ, “ಡಬ್ಬದ ಮೇಲೆ 5 ಜಿಬಿಪಿಎಸ್ ಅಂತಿದೆ, ಸಾಕಾ? ಇಲ್ಲ 10ರದ್ದು ಹುಡುಕಲಾ?” ಅಂತಲೂ ಕೇಳಿದ್ದೀರಿ. ಆ ಅಂಕಿ ಡಿಸ್ಕಿನದಲ್ಲ, ಪೋರ್ಟಿನದು. ಅಲ್ಲಿಂದಲೇ ಶುರು ಮಾಡೋಣ.

ಒಳಗೆ ತಟ್ಟೆ ತಿರುಗುವ, ಅಂಗೈಯಗಲದ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಹಾಕುತ್ತದೆ. ಏನೇ ಮಾಡಿದರೂ ಅದರಿಂದ ಬರುವುದು ಸೆಕೆಂಡಿಗೆ 100ರಿಂದ 140 ಎಂಬಿ. 5 ಜಿಬಿಪಿಎಸ್ ಅಂದರೆ ಸೆಕೆಂಡಿಗೆ 5 ಗಿಗಾಬಿಟ್, ಅದು ಬಿಟ್ ಲೆಕ್ಕ, ಫೈಲನ್ನು ನಾವು ಅಳೆಯುವುದು ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಎಂಟರಿಂದ ಭಾಗಿಸಿ, ನಡುವೆ ಸೋರಿಹೋಗುವುದನ್ನು ಕಳೆದರೆ ಆ ಪೋರ್ಟು 400ರಿಂದ 450 ಎಂಬಿ ಸಾಗಿಸುತ್ತದೆ. ತಟ್ಟೆಯ ಡಿಸ್ಕಿಗೆ ಅದೇ ಮೂರು ಪಟ್ಟು ಹೆಚ್ಚಾಯಿತು. ಇನ್ನು 10 ಯಾಕೆ? ಅಂದ ಹಾಗೆ, ಈ 5 ಜಿಬಿಪಿಎಸ್ ಪೋರ್ಟಿಗೆ ಹೆಸರು ಹಲವು: 2008ರಲ್ಲಿ ಯುಎಸ್‌ಬಿ 3.0 ಅಂತ ಬಂದದ್ದನ್ನೇ ಆಮೇಲೆ 3.1 ಜೆನ್ 1 ಅಂದರು, ಅದಾದ ಮೇಲೆ 3.2 ಜೆನ್ 1 ಅಂದರು. ಮೂರು ಸಲ ನಾಮಕರಣವಾಯಿತು, ಮಗು ಮಾತ್ರ ಅದೇ.

ಪೋರ್ಟು, ಕೇಬಲ್ಲು ಅಂತ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಎಸ್‌ಎಸ್‌ಡಿ (ತಟ್ಟೆ ತಿರುಗದ, ಚಿಪ್‌ನಲ್ಲೇ ಬರೆದಿಡುವ ಡಿಸ್ಕು) ತಂದ ದಿನ ಅಣ್ಣನ ಮಗಳ ಮದುವೆ ವಿಡಿಯೊ, 200 ಜಿಬಿ, ಕಾಪಿಗೆ ಹಾಕಿದೆ. ಒಂದೂವರೆ ಗಂಟೆ ಬೇಕು ಅಂತ ತೋರಿಸಿತು. ಸೆಕೆಂಡಿಗೆ 35 ಎಂಬಿ! ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ಸಿಟ್ಟು ಮಾಡಿಕೊಂಡು ಮರುದಿನವೇ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗೆ ಹೋದೆ. ಅಂಗಡಿ ಹುಡುಗ ತನ್ನ ಕಂಪ್ಯೂಟರಿಗೆ ಹಾಕಿದ, ಬಾಣದಂತೆ ಓಡಿತು. “ಮನೇಲಿ ಯಾವ ಕೇಬಲ್ ಹಾಕಿದ್ರಿ ಸಾರ್?” ಅಂದ. ಡಬ್ಬದಲ್ಲಿದ್ದದ್ದು ಗಿಡ್ಡ ಅಂತ ಫೋನ್ ಚಾರ್ಜ್ ಮಾಡುವ ಉದ್ದನೆಯ ಕೇಬಲ್ ಹಾಕಿದ್ದೆ. ಅಂಥ ಕೇಬಲ್‌ಗಳಲ್ಲಿ ಹೆಚ್ಚಿನವು ಒಳಗೆ ಯುಎಸ್‌ಬಿ 2.0 ಅಷ್ಟೇ, ಅಂದರೆ ಹಳೆಯ ನಿಧಾನದ ಬಗೆ. ಮೂತಿ ಒಂದೇ ಥರ ಇರುವುದರಿಂದ ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಅದರದೇ ಕೇಬಲ್ಲನ್ನು ಹಿಂಬದಿಯ ನೀಲಿ ಪೋರ್ಟಿಗೆ ಹಾಕಿದರೆ ಅದೇ 200 ಜಿಬಿ ಎಂಟು ನಿಮಿಷಕ್ಕೆ ಮುಗಿಯಿತು.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಪೋರ್ಟಿನೊಳಗೆ ನೀಲಿ ಬಣ್ಣವೋ ಪಕ್ಕದಲ್ಲಿ ‘ಎಸ್‌ಎಸ್’ ಗುರುತೋ ಇದ್ದರೆ ಅದು 3.0. ಆರು ವರ್ಷದ ಯಂತ್ರದಲ್ಲಿ ಇದ್ದೇ ಇರುತ್ತದೆ. ಮುಂದಿನ ಪೋರ್ಟುಗಳನ್ನು ಅಷ್ಟು ನಂಬಬೇಡಿ, ಜೋಡಿಸಿದವರು ಒಳಗಿನ ವೈರು ಸಿಕ್ಕಿಸುವುದನ್ನೇ ಮರೆತಿರುತ್ತಾರೆ.

ಇನ್ನು ಡಿಸ್ಕಿನ ವಿಷಯ. ಎರಡು ಟಿಬಿಯ ಸಣ್ಣ ಹಾರ್ಡ್ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಎಂಬ ಬಗೆಯವು, ಡಬ್ಬದ ಮೇಲೆ ಇದನ್ನು ಹಾಕುವವರು ಕಡಿಮೆ. ಮಂಗಳೂರು ಹೆಂಚಿನ ಮಾಡು ನೋಡಿದ್ದೀರಲ್ಲ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ. ಇದರಲ್ಲಿ ಬರವಣಿಗೆಯ ಸಾಲುಗಳು ಹಾಗೇ ಕೂರುತ್ತವೆ. ಜಾಗ ಉಳಿಯುತ್ತದೆ, ನಿಜ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎತ್ತಿ ಮತ್ತೆ ಹೊದಿಸಬೇಕು. ಡಿಸ್ಕು ಬಂದದ್ದನ್ನೆಲ್ಲ ಮೊದಲು ಒಂದು ಮೂಲೆಯಲ್ಲಿ ರಾಶಿ ಹಾಕಿಕೊಂಡು ಬಿಡುವಾದಾಗ ಜೋಡಿಸುತ್ತದೆ. ಆ ಮೂಲೆ ತುಂಬಿದ ಮೇಲೂ ನೀವು ತುಂಬುತ್ತಲೇ ಇದ್ದರೆ 120ರಲ್ಲಿದ್ದ ವೇಗ 30ಕ್ಕೆ ಇಳಿದು ಅಲ್ಲೇ ತೆವಳುತ್ತದೆ. ಕೆಟ್ಟಿಲ್ಲ, ಅದರ ಸ್ವಭಾವವೇ ಅದು. ವರ್ಷಕ್ಕೆರಡು ಸಲ ಫೋಟೊ ತುಂಬಿ ಬೀರುವಿನಲ್ಲಿಡುವುದಾದರೆ ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ಮುಗಿದಿರುತ್ತದೆ.

ಎಕ್ಸ್‌ಟರ್ನಲ್ ಡಿಸ್ಕಿನಿಂದಲೇ ನೇರ ವಿಡಿಯೊ ಎಡಿಟ್ ಮಾಡುತ್ತೀರಿ, ಗೇಮ್ ಆಡುತ್ತೀರಿ ಅಂದರೆ ಮಾತ್ರ ಎಸ್‌ಎಸ್‌ಡಿ ತಗೊಳ್ಳಿ. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೂ ಅದೇ ಮೇಲು. ತಟ್ಟೆಯ ಡಿಸ್ಕಿನ ಮುಳ್ಳು ಪ್ರತಿ ಫೈಲಿಗೂ ಓಡಾಡಬೇಕು, ಹತ್ತು ಕೆಜಿ ಅಕ್ಕಿಯನ್ನು ಮುಷ್ಟಿ ಮುಷ್ಟಿಯಾಗಿ ತಂದ ಹಾಗೆ. ಸ್ಯಾಮ್‌ಸಂಗ್ ಟಿ7, ಕ್ರೂಷಿಯಲ್ ಎಕ್ಸ್9 ತರದವು 10 ಜಿಬಿಪಿಎಸ್ ಪೋರ್ಟಿನಲ್ಲಿ ಸೆಕೆಂಡಿಗೆ 1050 ಎಂಬಿವರೆಗೆ ಓದುತ್ತವೆ ಅನ್ನುತ್ತಾರೆ. ನಿಮ್ಮ ನೀಲಿ ಪೋರ್ಟಿನಲ್ಲಿ 450ಕ್ಕೆ ನಿಲ್ಲುತ್ತವೆ, ನಿಮಗೆ ಅದೇ ಧಾರಾಳ. ಅಗ್ಗದ ಎಸ್‌ಎಸ್‌ಡಿಗಳೂ ಒಂದಷ್ಟು ಜಿಬಿ ತುಂಬಿದ ಮೇಲೆ ಸುಸ್ತಾಗುತ್ತವೆ, ನೆನಪಿರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಟಿಬಿಯ ಮಾಮೂಲಿ ಹಾರ್ಡ್ ಡಿಸ್ಕನ್ನು ಇಡುವುದಕ್ಕೆ, 500 ಜಿಬಿಯ ಎಸ್‌ಎಸ್‌ಡಿಯನ್ನು ಕೆಲಸಕ್ಕೆ ತಗೊಳ್ಳುತ್ತಿದ್ದೆ. ಎರಡು ಟಿಬಿಯ ಜಾಗದಲ್ಲಿ ವಿಂಡೋಸ್ 1.81 ತೋರಿಸಿದರೆ ಗಾಬರಿಯಾಗಬೇಡಿ, ಎಣಿಸುವ ಕ್ರಮ ಬೇರೆ ಅಷ್ಟೇ. ಗಾಬರಿಯಾಗಬೇಕಾದ್ದು ಆನ್‌ಲೈನಿನಲ್ಲಿ ಸಾವಿರ ಚಿಲ್ಲರೆಗೆ ಸಿಗುವ ‘16 ಟಿಬಿ ಎಸ್‌ಎಸ್‌ಡಿ’ ಕಂಡಾಗ. ಅಂಥವನ್ನು ಬಿಚ್ಚಿದರೆ ಸಿಗುವುದು ಒಂದು ಮೆಮೊರಿ ಕಾರ್ಡು. ಅಷ್ಟು ಜಾಗ ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳಿಸಿರುತ್ತಾರೆ, ತುಂಬುತ್ತಾ ಹೋದ ಹಾಗೆ ನಿಮ್ಮ ಫೈಲುಗಳು ಹಾಳಾಗುತ್ತವೆ.

ಯಾವುದೇ ತಂದರೂ ಮೊದಲ ದಿನವೇ 60-70 ಜಿಬಿ ಒಟ್ಟಿಗೆ ಕಾಪಿ ಮಾಡಿ, ಕಾಪಿಯಾಗುವಾಗ ವಿಂಡೋಸ್ ತೋರಿಸುವ ವೇಗದ ಹಸಿರು ಗ್ರಾಫು ಎಲ್ಲಿ ಕುಸಿಯುತ್ತದೆ ಅಂತ ಕೂತು ನೋಡಿ. ಆಮೇಲೆ ಅವುಗಳಲ್ಲಿ ನಾಲ್ಕೈದು ವಿಡಿಯೊ ತೆರೆದು ನೋಡಿ. ಬಿಲ್ಲು, ಡಬ್ಬ ಎರಡನ್ನೂ ಅಲ್ಲಿಯವರೆಗೆ ಎಸೆಯಬೇಡಿ.