ಡೆಮೊ ಸುತ್ತಿಗೆ ಹೆದರಬೇಕಾ?

ಪ್ರಶ್ನೆ: ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಸಪೋರ್ಟ್ ಕೆಲಸದಲ್ಲಿದ್ದೇನೆ. ಈಗ ಟೆಕ್ನಿಕಲ್ ಸೇಲ್ಸ್ ಹುದ್ದೆಗೆ ಸಂದರ್ಶನಕ್ಕೆ ಕರೆದಿದ್ದಾರೆ. ಮಾರಾಟದ ಅನುಭವ ಒಂದಿಷ್ಟೂ ಇಲ್ಲ. ಏನೇನು ಕೇಳಬಹುದು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಸಿಟ್ಟಾದ ಗ್ರಾಹಕರ ಜೊತೆ ನಾಲ್ಕು ವರ್ಷ ಮಾತಾಡಿದ್ದೀರಿ, ಅದೇ ದೊಡ್ಡ ಅನುಭವ. ಅಂಥ ಒಂದೆರಡು ಘಟನೆಗಳನ್ನು ಹೇಳಲು ತಯಾರಿಟ್ಟುಕೊಳ್ಳಿ.

ಎಚ್‌ಆರ್ ಜೊತೆಗಿನ ಮೊದಲ ಮಾತುಕತೆ ಸಾಮಾನ್ಯವಾಗಿ ಸುಲಭ. ನಿಜವಾದ ಪರೀಕ್ಷೆ ಡೆಮೊ ಸುತ್ತು: ಸಂದರ್ಶಕರೇ ಗ್ರಾಹಕರಂತೆ ಕೂರುತ್ತಾರೆ, ನೀವು ಒಂದು ಉತ್ಪನ್ನವನ್ನು ತೋರಿಸಬೇಕು, ಮಧ್ಯೆ ಬೇಕಂತಲೇ ತಡೆದು 'ಬೆಲೆ ಜಾಸ್ತಿ ಆಯ್ತು', 'ನಮ್ಮಲ್ಲಿ ಈಗಾಗಲೇ ಇಂಥದ್ದಿದೆ' ಅನ್ನುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲ ಫೀಚರ್‌ಗಳನ್ನೂ ಸುಮ್ನೆ ಓದುತ್ತಾ ಹೋಗುತ್ತಾರೆ. ನೀವು ಮೊದಲು ಪ್ರಶ್ನೆ ಕೇಳಿ: ಈಗ ಈ ಕೆಲಸವನ್ನು ಹೇಗೆ ಮಾಡುತ್ತಿದ್ದೀರಿ, ಎಲ್ಲಿ ತೊಂದರೆ ಆಗುತ್ತಿದೆ, ಖರೀದಿಗೆ ಒಪ್ಪಿಗೆ ಕೊಡುವವರು ಯಾರು? ಉತ್ತರ ಕೇಳಿಸಿಕೊಂಡು, ಅದಕ್ಕೆ ಬೇಕಾದ ಎರಡು ಮೂರು ಅಂಶ ಮಾತ್ರ ತೋರಿಸಿದರೆ ಸಾಕು.

ಗೊತ್ತಿಲ್ಲದ ತಾಂತ್ರಿಕ ಪ್ರಶ್ನೆ ಬಂದೇ ಬರುತ್ತದೆ. ಊಹಿಸಿ ಹೇಳಬೇಡಿ. 'ತಿಳಿದುಕೊಂಡು ನಾಳೆ ಹೇಳುತ್ತೇನೆ' ಅನ್ನಿ. ಗ್ರಾಹಕರಿಗೂ ಹಾಗೇ ಹೇಳಬೇಕಲ್ವಾ?

ಸಂಬಳದ ವಿಷಯವನ್ನು ಸಂಕೋಚ ಬಿಟ್ಟು ಕೇಳಿ. ಈ ಕೆಲಸದಲ್ಲಿ ಒಂದು ಭಾಗ ಖಾತ್ರಿ, ಇನ್ನೊಂದು ಭಾಗ ಟಾರ್ಗೆಟ್ ಮೇಲೆ ನಿಂತಿರುತ್ತದೆ. ಕಳೆದ ವರ್ಷ ತಂಡದಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದರು ಅಂತ ಕೇಳಲೇಬೇಕು. ಅದಕ್ಕೆ ನೇರ ಉತ್ತರ ಸಿಗದಿದ್ದರೆ, ಖಾತ್ರಿ ಸಂಬಳವನ್ನಷ್ಟೇ ಲೆಕ್ಕಕ್ಕೆ ಹಿಡಿದು ತೀರ್ಮಾನ ಮಾಡಿ.