‘ಜೆರೇನಿಯಂ’ ಚೀಟಿಯ ಎರಡು ಗಿಡಗಳು: ಕತ್ತರಿ ಹಾಕುವ ಮೊದಲು ಯಾವುದೆಂದು ನೋಡಿಕೊಳ್ಳಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ‘ಜೆರೇನಿಯಂ’ ಎಂಬ ಚೀಟಿ ಇದ್ದ ಎರಡು ಗಿಡ ತಂದಿರಿ. ಹೂ ಮುಗಿದ ಮೇಲೆ ಬುಡಮಟ್ಟಕ್ಕೆ ಸವರಿ ಧಾರಾಳವಾಗಿ ನೀರು ಕೊಡಬೇಕೆಂದು ಓದಿ, ಎರಡಕ್ಕೂ ಹಾಗೆಯೇ ಮಾಡಿದಿರಿ. ಒಂದು ಹೊಸ ಎಲೆ ತುಂಬಿಕೊಂಡು ನಿಂತಿದೆ, ಇನ್ನೊಂದರ ಮೋಟು ಕಪ್ಪಾಗುತ್ತಿದೆ. ನೀವು ಓದಿದ ಸಲಹೆ ಸರಿಯಾದದ್ದೇ, ಆದರೆ ಅದು ನಿಜವಾದ ಜೆರೇನಿಯಂಗೆ ಮಾತ್ರ ಸಲ್ಲುತ್ತದೆ. ನಿಮ್ಮ ವಿವರಣೆ ನೋಡಿದರೆ ಕಪ್ಪಾಗುತ್ತಿರುವುದು ಬಹುಮಟ್ಟಿಗೆ ಪೆಲಾರ್ಗೋನಿಯಂ.

ಎರಡೂ ಜೆರೇನಿಯೇಸಿ ಕುಟುಂಬದವು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎಲ್ಲವನ್ನೂ ಜೆರೇನಿಯಂ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೆ ಪೆಲಾರ್ಗೋನಿಯಂ ಅನ್ನು ಬೇರೆ ಕುಲವಾಗಿ ವಿಂಗಡಿಸಿದರು. ಸಸ್ಯಶಾಸ್ತ್ರ ಅದನ್ನು ಒಪ್ಪಿಕೊಂಡಿತು, ಆದರೆ ಗಿಡ ಮಾರುವವರೂ ಬೆಳೆಸುವವರೂ ಹಳೆಯ ಹೆಸರನ್ನು ಬಿಡಲಿಲ್ಲ. ಕುಂಡಗಳಲ್ಲಿ, ಕಿಟಕಿಯ ಅಂಚಿನಲ್ಲಿ ಕೆಂಪು ಗೊಂಚಲು ಬಿಡುವ ಗಿಡವನ್ನು ಇಂದಿಗೂ ಜೆರೇನಿಯಂ ಎಂದೇ ಕರೆಯುತ್ತಾರೆ. ಅದು ಪೆಲಾರ್ಗೋನಿಯಂ. ಹೆಸರನ್ನು ಹೇಗಾದರೂ ಕರೆಯಲಿ, ನನ್ನ ತಕರಾರಿಲ್ಲ. ಆದರೆ ಆರೈಕೆಯ ಸಲಹೆಗಳೂ ಅದೇ ಹೆಸರಿನಡಿ ಬೆರೆತುಹೋಗಿ ಗಿಡಗಳು ಸಾಯುತ್ತಿವೆಯಲ್ಲ, ಅದು ನೋವಿನ ಸಂಗತಿ.

ಇವುಗಳ ತವರು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಪೆಲಾರ್ಗೋನಿಯಂನ ಸುಮಾರು 280 ಜಾತಿಗಳಲ್ಲಿ ಹೆಚ್ಚಿನವು ದಕ್ಷಿಣ ಆಫ್ರಿಕಾ ಭಾಗದವು. ಒಣ ಹವೆಗೆ ಒಗ್ಗಿಕೊಂಡು, ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ಜೆರೇನಿಯಂನ ನಾನೂರಕ್ಕೂ ಹೆಚ್ಚು ಜಾತಿಗಳು ಸಮಶೀತೋಷ್ಣ ವಲಯದ ಹುಲ್ಲುಗಾವಲು, ಕಾಡಂಚು, ಬೆಟ್ಟಗಳಲ್ಲಿ ಹರಡಿವೆ. ಹಿಮಾಲಯದಲ್ಲೂ ಇವೆ, ಜೆರೇನಿಯಂ ವಾಲಿಚಿಯಾನಂ ಅಲ್ಲಿಯದೇ. ಇವುಗಳ ಜೀವ ನೆಲದೊಳಗಿನ ಬುಡದಲ್ಲಿರುತ್ತದೆ. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿದರೂ ಕೆಳಗಿನಿಂದ ಮತ್ತೆ ಬರುತ್ತವೆ. ನಿಮ್ಮ ಮೊದಲ ಗಿಡ ಕತ್ತರಿಯನ್ನು ಲೆಕ್ಕಿಸದೆ ಚಿಗುರಿದ್ದಕ್ಕೆ ಕಾರಣ ಇದು.

ಗುರುತಿಸಲು ಹೂವನ್ನೇ ನೋಡಿ. ಜೆರೇನಿಯಂನಲ್ಲಿ ಐದು ಎಸಳುಗಳೂ ಹೆಚ್ಚುಕಡಿಮೆ ಒಂದೇ ಆಕಾರದವು, ಹೂ ಎಲ್ಲ ಕಡೆಯಿಂದಲೂ ಒಂದೇ ರೀತಿ ಕಾಣುತ್ತದೆ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳುಗಳು ಕೆಳಗಿನ ಮೂರಕ್ಕಿಂತ ಗಾತ್ರದಲ್ಲೋ ಗೆರೆ, ಮಚ್ಚೆಗಳಲ್ಲೋ ಬೇರೆಯಾಗಿರುತ್ತವೆ. ಅದಕ್ಕಿಂತ ಖಚಿತವಾದ ಗುರುತು ಮಕರಂದದ ನಳಿಕೆ. ಪೆಲಾರ್ಗೋನಿಯಂನಲ್ಲಿ ಅದು ಹೂವಿನ ತೊಟ್ಟಿಗೇ ಅಂಟಿಕೊಂಡು ಕೆಳಗಿಳಿದು, ಒಂದು ಸಣ್ಣ ಉಬ್ಬಿನಲ್ಲಿ ಮುಗಿಯುತ್ತದೆ. ತೊಟ್ಟನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ತೂತು ಕಾಣುತ್ತದೆ. ಜೆರೇನಿಯಂನಲ್ಲಿ ಇದು ಇಲ್ಲ. ಒಮ್ಮೆ ನೋಡಿ, ಬಹಳ ಖುಷಿ ಕೊಡುವ ಪರೀಕ್ಷೆ. ಸುತ್ತುಸುತ್ತಾಗಿ ಎಸಳು ತುಂಬಿದ ತಳಿಗಳಲ್ಲಿ ಎಸಳಿನ ವ್ಯತ್ಯಾಸ ತಿಳಿಯುವುದಿಲ್ಲ, ಆಗ ಕಾಂಡ ನೋಡಿ: ದಪ್ಪಗೆ, ರಸಭರಿತವಾಗಿ, ಹಳತಾದಂತೆ ಕಟ್ಟಿಗೆಯಂತಾಗುವುದು ಗೊಂಚಲಿನ ಪೆಲಾರ್ಗೋನಿಯಂ. ಕಾಯಿ ಎರಡರಲ್ಲೂ ಉದ್ದ ಕೊಕ್ಕಿನಂತಿರುತ್ತದೆ. ಆದರೆ ಹೆಚ್ಚಿನ ಜೆರೇನಿಯಂಗಳು ಬೀಜವನ್ನು ಕವಣೆಯಂತೆ ದೂರ ಎಸೆಯುತ್ತವೆ. ಪೆಲಾರ್ಗೋನಿಯಂ ಬೀಜಕ್ಕೆ ನವಿರಾದ ಬಾಲ ಬಂದು ಗಾಳಿಯಲ್ಲಿ ತೇಲುತ್ತದೆ.

ಈಗ ಸವರುವ ವಿಷಯ. ಜೆರೇನಿಯಂ ಪ್ರಾಟೆನ್ಸೆ, ಜೆರೇನಿಯಂ ಫೇಯಂ ಮುಂತಾದವನ್ನು ಮೊದಲ ಹೂ ಮುಗಿದ ಮೇಲೆ ಬುಡಕ್ಕೇ ಕತ್ತರಿಸಿ ನೀರು ಕೊಟ್ಟರೆ ಕೆಲವು ವಾರಗಳಲ್ಲಿ ಹೊಸ ಎಲೆಗಳ ದಿಂಡು ಬರುತ್ತದೆ, ಎಷ್ಟೋ ಸಲ ಎರಡನೆಯ ಹೂವೂ ಬರುತ್ತದೆ. ‘ರೋಜ಼ಾನ್’ನಂತಹ ತಿಂಗಳುಗಟ್ಟಲೆ ಹೂ ಬಿಡುವ ತಳಿಗೆ ಇಷ್ಟು ಕಠಿಣ ಕತ್ತರಿ ಬೇಕಿಲ್ಲ. ಪೆಲಾರ್ಗೋನಿಯಂ ವಿಷಯದಲ್ಲಿ ಹಸಿರು ಗೆಣ್ಣುಗಳನ್ನು ಉಳಿಸಲೇಬೇಕು. ಮೂರನೇ ಒಂದು ಭಾಗದಿಂದ ಅರ್ಧದವರೆಗೆ, ಗೆಣ್ಣಿನ ತುಸು ಮೇಲೆ, ಗಿಡ ಬೆಳವಣಿಗೆಯಲ್ಲಿರುವಾಗ ಕತ್ತರಿಸಿ. ಎಲೆಯೇ ಇಲ್ಲದ ಹಳೆಯ ಮೋಟಿನವರೆಗೆ ಇಳಿದರೆ ಅದು ಚಿಗುರುವುದು ಅದೃಷ್ಟದ ಮಾತು. ಎಲ್ಲ ಎಲೆ ಹೋದ ಗಿಡ ನೀರನ್ನೂ ಹೀರುವುದಿಲ್ಲ. ಅದೇ ಹೊತ್ತಿಗೆ ನೀವು ನೀರು ಹೆಚ್ಚಿಸಿದಿರಿ, ಮಣ್ಣು ಹಸಿಯಾಗಿಯೇ ಉಳಿಯಿತು, ಕೊಳೆ ಶುರುವಾಯಿತು. ಬಾಡಿದ ಗೊಂಚಲುಗಳನ್ನು ಮಾತ್ರ ಆಗಾಗ ತೊಟ್ಟಿನ ಬುಡದಲ್ಲಿ ಹಿಡಿದು ಮುರಿಯುತ್ತಿರಿ. ಇದರಿಂದ ಹೂ ನಿಲ್ಲುವುದಿಲ್ಲ.

ನೀರಿನಲ್ಲಿ ನನ್ನ ನಿಲುವು ಖಡಾಖಂಡಿತ: ಪೆಲಾರ್ಗೋನಿಯಂಗೆ ಮೇಲ್ಮಣ್ಣು ಒಣಗಿದ ಮೇಲೆಯೇ ನೀರು, ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮಣ್ಣಿನ ಮಿಶ್ರಣದಲ್ಲಿ ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣು ಸಡಿಲಿಸುವ ಹಗುರವಾದ ಬಿಳಿ ಹರಳು) ಇರಲಿ. ಒಳ್ಳೆಯ ಬಿಸಿಲು ಬೇಕು. ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಹೂವಿಗೆ ನೆರವಾಗುತ್ತದೆ, ಸಾರಜನಕ ಹೆಚ್ಚಾದರೆ ಬರೀ ಎಲೆ. ಜೆರೇನಿಯಂಗೆ ನೆಲವೇ ಲೇಸು: ತೇವ ಉಳಿಸಿಕೊಳ್ಳುವ, ನೀರು ನಿಲ್ಲದ ಮಣ್ಣು. ಅರೆನೆರಳನ್ನು ಹಲವು ಜಾತಿಗಳು ಸಹಿಸುತ್ತವೆ, ಜೆರೇನಿಯಂ ಮ್ಯಾಕ್ರೊರೈಜ಼ಂ ಮರದಡಿಯ ಒಣ ನೆರಳಿನಲ್ಲೂ ನೆಲ ಮುಚ್ಚುತ್ತದೆ.

ಹವೆಯ ಬಗ್ಗೆಯೂ ಕೇಳಿದ್ದೀರಿ. ಹಿಮ ಬೀಳುವ ಕಡೆ ಪೆಲಾರ್ಗೋನಿಯಂ ಹೊರಗೆ ಉಳಿಯುವುದಿಲ್ಲ; ಒಳಗೆ ಬೆಳಕಿರುವ ಕಡೆ, ಬಹುತೇಕ ಒಣಗಿಸಿ ಇಡಬೇಕು. ಚಳಿಯೇ ಇಲ್ಲದ ಬಿಸಿ ಊರುಗಳಲ್ಲಿ ಲೆಕ್ಕ ತಿರುಗುತ್ತದೆ: ಅಲ್ಲಿ ಹೆಚ್ಚಿನ ಜೆರೇನಿಯಂಗಳು ಸೊರಗುತ್ತವೆ, ಗೊಂಚಲಿನ ಪೆಲಾರ್ಗೋನಿಯಂ ಬಹುವಾರ್ಷಿಕವಾಗಿ ಬಾಳುತ್ತದೆ, ಮಧ್ಯಾಹ್ನದ ಸುಡುಬಿಸಿಲಿಗೆ ಸ್ವಲ್ಪ ಮರೆ ಇದ್ದರೆ ಸಾಕು. ದೊಡ್ಡ ಹೂವಿನ ರೀಗಲ್ ಬಗೆ ಮಾತ್ರ ರಾತ್ರಿ ತಂಪಿಲ್ಲದಿದ್ದರೆ ಮೊಗ್ಗು ಕಟ್ಟುವುದಿಲ್ಲ.

ಅಂಗಡಿಯ ‘ಜೆರೇನಿಯಂ ಎಣ್ಣೆ’ ಕೂಡ ಸುಗಂಧದ ಪೆಲಾರ್ಗೋನಿಯಂ ಎಲೆಗಳಿಂದ ಬರುವುದೇ. ಬೆಕ್ಕು, ನಾಯಿ ಸಾಕಿರುವವರು ಪೆಲಾರ್ಗೋನಿಯಂ ಎಲೆಯನ್ನು ಅವು ಮೆಲ್ಲದಂತೆ ನೋಡಿಕೊಳ್ಳಿ, ಹೊಟ್ಟೆ ಕೆಡುತ್ತದೆ.

ನಿಮ್ಮ ಕಪ್ಪಾದ ಗಿಡಕ್ಕೆ ಇಂದೇ ನೀರು ನಿಲ್ಲಿಸಿ. ಕಾಂಡವನ್ನು ಉಗುರಿನಿಂದ ಗೀರಿ; ಕಪ್ಪಿನ ಮೇಲೆ ಗಟ್ಟಿಯಾದ ಹಸಿರು ಭಾಗ ಇದ್ದರೆ, ಒಳಗೆ ಕಂದು ಬಣ್ಣ ಎಳ್ಳಷ್ಟೂ ಇಲ್ಲದ ಕಡೆ ಸ್ವಚ್ಛ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಕೆಲವು ಗಂಟೆ ನೆರಳಿನಲ್ಲಿ ಬಿಟ್ಟು, ಗಾಯ ಒಣಗಿದ ಮೇಲೆ ಹೊಸ, ಸಡಿಲ ಮಿಶ್ರಣದಲ್ಲಿ ಊರಿ. ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ, ಇದರ ಕಡ್ಡಿಗಳು ಮುಚ್ಚಿದ ತೇವದಲ್ಲಿ ಕೊಳೆಯುತ್ತವೆ. ಹಳೆಯ ಮಣ್ಣಿನಲ್ಲಿ ಈ ಕೊಳೆ ತರುವ ಪೈಥಿಯಂ ಎಂಬ ಸೂಕ್ಷ್ಮಜೀವಿ ಉಳಿದಿರಬಹುದು, ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಚಿಗುರಿದ ಇನ್ನೊಂದು ಗಿಡಕ್ಕೆ ಕಡ್ಡಿಯ ಗೋಜು ಬೇಡ. ದಟ್ಟವಾದ ಮೇಲೆ ಬುಡವನ್ನು ಅಗೆದು, ಪ್ರತಿ ಭಾಗಕ್ಕೂ ಬೇರು ಮತ್ತು ಮೊಳಕೆ ಇರುವಂತೆ ಬಿಡಿಸಿ ನೆಡಿ. ಎರಡರ ಎಲೆ ಮತ್ತು ಕಾಂಡದ ಚಿತ್ರ ಹಾಕಿದರೆ ಬಗೆ ಯಾವುದೆಂದು ನೋಡಿ ಹೇಳುತ್ತೇನೆ.